ಐವತ್ತರಿಂದ ನೂರಕ್ಕೆ

ಕಡೂರಿನಲ್ಲಿ ಕಾರು ಕಲಿಸುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಡ್ರೈವರ್ ಪಕ್ಕದ ಎಡಗಡೆ ಸೀಟಿನಲ್ಲಿ ಕೂತೇ ಸಂಸಾರ ಸಾಗಿಸಿದ್ದೇನೆ. ಕಲಿಯಲು ಬಂದವರ ಕೈಯಲ್ಲಿ ಸ್ಟಿಯರಿಂಗ್ ಇರುತ್ತದೆ. ನನ್ನ ಕಾಲ ಬುಡದಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಹಾಕಿಸಿದ್ದೇನೆ. ಅವರು ಹೆದರಿ ಕಾಲು ಎತ್ತಿಬಿಟ್ಟಾಗ ನನ್ನ ಕಾಲು ಒತ್ತಬೇಕು. ಬಾಯಿಗೆ ತಾಳ್ಮೆ, ಕಾಲಿಗೆ ಸ್ತಿಮಿತ ಇದ್ದರೆ ಈ ಕೆಲಸ ನಡೆಯುತ್ತದೆ. ಎರಡೂ ನನ್ನಲ್ಲಿವೆ ಎಂದು ಊರಿನಲ್ಲಿ ಹೆಸರಿತ್ತು. ಬೇರೆ ಕಡೆ ಬೈಸಿಕೊಂಡು ಅತ್ತು ಬಂದ ಹೆಂಗಸರು ನನ್ನ ಹತ್ತಿರ ಸೇರುತ್ತಿದ್ದರು.

ಎರಡು ವರ್ಷದ ಹಿಂದೆ, ಮಳೆ ಬಿಟ್ಟ ಮೇಲೆ, ನನಗೆ ಏನೋ ಆಯಿತು. ಏನಾಯಿತು ಎಂದು ಕೇಳಿದವರಿಗೆ ಕೊಡಲು ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಯಾರೂ ಕೈಬಿಟ್ಟಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಕಾರು ತೊಳೆಯುತ್ತಿದ್ದವನು ತೊಳೆಯುವುದನ್ನು ಬಿಟ್ಟೆ. ಉಪ್ಪು, ಹುಳಿ, ಖಾರ ಎಲ್ಲವೂ ನಾಲಿಗೆಗೆ ಒಂದೇ ಆಯಿತು. ಮಧ್ಯಾಹ್ನದ ಕ್ಲಾಸು ಮುಗಿಸಿ ಮನೆಯ ಮುಂದೆ ಕಾರು ನಿಲ್ಲಿಸಿದರೆ ಇಳಿಯಲು ಮನಸ್ಸು ಬರುತ್ತಿರಲಿಲ್ಲ. ಸೀಟ್ ಬೆಲ್ಟ್ ಕೂಡ ಬಿಚ್ಚದೆ ಕೂತಿರುತ್ತಿದ್ದೆ.

ನನ್ನ ಹೆಂಡತಿ ಶಿವನಿ ಎಂಬ ಊರಿನ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಮೇಡಂ. ಅಜ್ಜಂಪುರದಲ್ಲಿ ಬಸ್ಸು ಬದಲಾಯಿಸಿ ಸಂಜೆ ಐದೂವರೆ ಹೊತ್ತಿಗೆ ಮನೆ ಸೇರುತ್ತಾಳೆ. ಒಂದು ಸಂಜೆ ಬಂದವಳು ಕಿಟಕಿಯ ಹತ್ತಿರ ಬಗ್ಗಿ ನೋಡಿದಳು.

"ಯಾವಾಗ ಬಂದ್ರಿ?"

"ಈಗ್ಲೇ."

ಅವಳು ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. "ತಣ್ಣಗೈತೆ ಕಣ್ರೀ," ಎಂದಳು. ಆಮೇಲೆ ಬಾಗಿಲು ತೆಗೆದು ಬೆಲ್ಟ್ ಬಿಚ್ಚಿ, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವಂತೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಡಾಕ್ಟರನ್ನು ಕಡೂರಿನಲ್ಲಿ ನೋಡಲು ನಾನು ಒಪ್ಪಲಿಲ್ಲ. ಇಲ್ಲಿ ಅರ್ಧ ಊರಿಗೆ ನಾನೇ ಗಾಡಿ ಕಲಿಸಿದ್ದೇನೆ. ಕಾಂಪೌಂಡರಿನಿಂದ ಹಿಡಿದು ಮೆಡಿಕಲ್ ಶಾಪಿನವನ ತನಕ ಎಲ್ಲರೂ ಪರಿಚಯ. ಲೈಸೆನ್ಸ್ ಟೆಸ್ಟಿಗೆಂದು ವಾರಕ್ಕೊಮ್ಮೆ ತರೀಕೆರೆಗೆ ಹೇಗೂ ಹೋಗುತ್ತಿದ್ದೆ. ಅಲ್ಲಿ ವಾರದಲ್ಲಿ ಎರಡು ದಿನ ಮನೋವೈದ್ಯೆಯೊಬ್ಬರು ಬರುತ್ತಿದ್ದರು. ಹೆಂಡತಿ ರಜೆ ಹಾಕಿ ಜೊತೆಗೆ ಬಂದಳು. ಡಾಕ್ಟರ್ ನಿಧಾನವಾಗಿ ಎಲ್ಲ ಕೇಳಿದರು. ನಿದ್ದೆ, ಊಟ, ಕೋಪ, ಅಳು. ಕೊನೆಗೆ, "ಏನು ಕೆಲಸ ಮಾಡ್ತೀರಾ?" ಎಂದರು.

"ಸ್ವಂತ ಬಿಸಿನೆಸ್ಸು ಮೇಡಂ."

ಹೆಂಡತಿ ತಿರುಗಿ ನನ್ನ ಮುಖ ನೋಡಿದಳು. ಹೊರಗೆ ಬಂದ ಮೇಲೆ ಕೇಳಿದಳು.

"ಯಾಕ್ರೀ ಹಂಗಂದ್ರಿ?"

"ಗಾಡಿ ಮುಟ್ಬೇಡ ಅಂದ್ಬಿಟ್ರೆ ಏನ್ ಮಾಡೋದು? ಇದೂ ಬಿಸಿನೆಸ್ಸೇ ತಾನೆ?"

ಮೊದಲ ವಾರ ಇಪ್ಪತ್ತೈದು ಮಿಲಿಗ್ರಾಂ, ಆಮೇಲೆ ಐವತ್ತು. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಬಿಳಿ ಮಾತ್ರೆ. ಮೊದಲ ಹತ್ತು ದಿನ ಹೊಟ್ಟೆ ತೊಳೆಸುತ್ತಿತ್ತು. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಬಾಟಲಿ ನೀರು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ. ಆಕಳಿಕೆಯಂತೂ ನಿಲ್ಲುತ್ತಲೇ ಇರಲಿಲ್ಲ. ನಿದ್ದೆ ಬಂದದ್ದಕ್ಕಲ್ಲ, ದವಡೆ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ನನ್ನನ್ನು ನೋಡಿ ಕಲಿಯುವವರೂ ಆಕಳಿಸುತ್ತಿದ್ದರು. ಅದನ್ನೆಲ್ಲ ಡಾಕ್ಟರ್ ಮುಂಚೆಯೇ ಹೇಳಿದ್ದರಿಂದ ಹೆದರಲಿಲ್ಲ. ಐದಾರು ವಾರಕ್ಕೆ ಒಂದು ಮಧ್ಯಾಹ್ನ ಮಾವಿನಕಾಯಿ ಉಪ್ಪಿನಕಾಯಿ ನಾಲಿಗೆಗೆ ಚುರುಕ್ ಎಂದಿತು. "ಖಾರ ಜಾಸ್ತಿ ಆಗೈತಲ್ಲೇ," ಎಂದೆ. ಹೆಂಡತಿ ಅಡುಗೆಮನೆಯಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ. ಆದರೆ ನಾನು ಅರ್ಧಕ್ಕರ್ಧ ಮಾತ್ರ ಮೇಲೆ ಬಂದಿದ್ದೆ. ಬೆಳಗಿನ ಹೊತ್ತು ಎದೆಯ ಮೇಲೆ ಕಲ್ಲು ಹಾಗೇ ಇತ್ತು. ಮುಂದಿನ ಭೇಟಿಯಲ್ಲಿ ಡಾಕ್ಟರ್ ಐವತ್ತನ್ನು ನೂರು ಮಾಡಿದರು.

"ಡೋಸ್ ಏರಿಸಿದ ಮೊದಲ ವಾರಗಳಲ್ಲಿ ಹುಷಾರಾಗಿರಬೇಕು," ಎಂದು ಬಿಡಿಸಿ ಹೇಳಿದರು. "ಕೈಕಾಲು ಚಡಪಡಿಸಿದ್ರೆ, ಕೆಟ್ಟ ಯೋಚನೆ ಬಂದ್ರೆ ಮುಂದಿನ ತಿಂಗಳ ತನಕ ಕಾಯ್ಬೇಡಿ. ಫೋನ್ ಮಾಡಿ. ಏನೇ ಆದ್ರೂ ನೀವಾಗೇ ನಿಲ್ಲಿಸ್ಬೇಡಿ. ಮನೆಯವರಿಗೂ ಇದನ್ನ ಹೇಳಿ."

ಹೆಂಡತಿ ಅವತ್ತು ಬಂದಿರಲಿಲ್ಲ, ಶಾಲೆಗೆ ತಪಾಸಣೆಯ ಸಾಹೇಬರು ಬರುವವರಿದ್ದರು. ಮನೆಗೆ ಬಂದು, "ಸ್ವಲ್ಪ ಜಾಸ್ತಿ ಮಾಡವ್ರೆ ಅಷ್ಟೇ," ಎಂದೆ. ಉಳಿದದ್ದನ್ನು ನುಂಗಿಕೊಂಡೆ.

ನಾಲ್ಕನೆಯ ದಿನಕ್ಕೆ ಕಾಲುಗಳಲ್ಲಿ ಶುರುವಾಯಿತು. ಅದು ನೋವಲ್ಲ, ನವೆಯಲ್ಲ, ಜೋಮೂ ಅಲ್ಲ. ಮೂಳೆಗಳು ಚರ್ಮದೊಳಗೆ ಕೂತು ಬೇಸತ್ತು ಹೊರಗೆ ಹೊರಟಂತೆ. ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೆ ಎಲ್ಲಿಗೆ ಎಂದು ಗೊತ್ತಿಲ್ಲ. ಅಂಥ ಕಾಲನ್ನಿಟ್ಟುಕೊಂಡು ದಿನಕ್ಕೆ ಎಂಟು ಗಂಟೆ ಕಾರಿನೊಳಗೆ ಕೂರಬೇಕಿತ್ತು. ಒಂದು ಕಾಲಿನ ಮೇಲೆ ಇನ್ನೊಂದನ್ನು ಒತ್ತಿಟ್ಟುಕೊಳ್ಳುತ್ತಿದ್ದೆ. ಷೂ ಒಳಗೆ ಬೆರಳು ಮಡಚಿ ಹಿಡಿಯುತ್ತಿದ್ದೆ. ಕಾಲಿಗಿಂತ ಕೆಟ್ಟದ್ದು ಇನ್ನೊಂದಿತ್ತು: ಏನೋ ಆಗುವುದಿದೆ, ಇವತ್ತೇ ಆಗುತ್ತದೆ ಎನ್ನುವ ಭಾವನೆ. ಹಾಲಿನವನು ಗೇಟು ತೆಗೆದ ಸದ್ದಿಗೂ ಎದೆ ಝಲ್ಲೆನ್ನುತ್ತಿತ್ತು. ಬೀದಿಯಲ್ಲಿ ಮಕ್ಕಳು ಆಡುವುದನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಆ ಭಾನುವಾರ ಹೆಂಡತಿ ಅಮೃತಾಪುರದ ದೇವಸ್ಥಾನಕ್ಕೆ ಹೋಗೋಣ ಎಂದಳು. ಅವಳು ಕಲ್ಲಿನ ಜಗಲಿಯ ಮೇಲೆ ಕೂತಳು. ನನಗೆ ಕೂರಲು ಆಗಲಿಲ್ಲ, ಪ್ರದಕ್ಷಿಣೆ ಹಾಕಲು ಶುರು ಮಾಡಿದೆ. ಹತ್ತಾಯಿತು, ಇಪ್ಪತ್ತಾಯಿತು, ಲೆಕ್ಕ ತಪ್ಪಿತು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲು ಸುಡುತ್ತಿತ್ತು. ಆ ಉರಿಯೇ ಹಿತವಾಗಿತ್ತು, ಉರಿಯುವಷ್ಟು ಹೊತ್ತು ಒಳಗಿನ ಚಡಪಡಿಕೆ ಮರೆಯುತ್ತಿತ್ತು. ಯಾರೋ ವಯಸ್ಸಾದವರು ತಡೆದು, "ಏನಪ್ಪಾ, ದೊಡ್ಡ ಹರಕೆ ಇದ್ದಂಗೈತೆ?" ಎಂದರು. "ಹೂಂ," ಎಂದೆ. ಬರುವಾಗ ಹೆಂಡತಿ ಸಂತೋಷವಾಗಿದ್ದಳು. ನನಗೆ ದೇವರಲ್ಲಿ ಮನಸ್ಸು ತಿರುಗಿತು ಎಂದುಕೊಂಡಿದ್ದಳು. ನಾನು ಅದನ್ನೂ ತಿದ್ದಲಿಲ್ಲ.

ಆಗ ನನ್ನ ಹತ್ತಿರ ಕಲಿಯುತ್ತಿದ್ದವರಲ್ಲಿ ಚೌಳಹಿರಿಯೂರು ಕಡೆಯ ಒಬ್ಬ ನರ್ಸ್ ಇದ್ದರು. ಹಳ್ಳಿಗಳ ಮೇಲೆ ಓಡಾಡಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಸಿಸ್ಟರ್. ನಲವತ್ತು ದಾಟಿದವರು. ಬಸ್ಸಿಲ್ಲದ ಊರುಗಳಿಗೆ ತಾವೇ ಕಾರಿನಲ್ಲಿ ಹೋಗಬೇಕು ಎಂಬ ಛಲ ಅವರದು. ಹದಿನೈದು ದಿನದಲ್ಲಿ ಚೆನ್ನಾಗಿಯೇ ಕಲಿತಿದ್ದರು. ಕೈ ನಡುಗುತ್ತಿರಲಿಲ್ಲ, ಕನ್ನಡಿ ನೋಡುವುದನ್ನು ಮರೆಯುತ್ತಿರಲಿಲ್ಲ. ನೂರರ ಮಾತ್ರೆ ಶುರುವಾದ ಒಂಬತ್ತನೆಯ ಬೆಳಿಗ್ಗೆ ಅವರನ್ನು ಮೊದಲ ಸಲ ಬೀರೂರು ರಸ್ತೆಗೆ ಕರೆದುಕೊಂಡು ಹೋದೆ.

ಹೋಗುತ್ತಾ ಹೋಗುತ್ತಾ, ಎದುರು ನೋಡುತ್ತಲೇ ಅವರು ಹೇಳಿದರು, "ಸಾರ್, ಕಾಲ್ಯಾಕೆ ಹಂಗೆ ಕುಣಿಸ್ತೀರಾ? ನಂಗೆ ಭಯ ಆಗ್ತೈತೆ."

"ಅಭ್ಯಾಸ ಸಿಸ್ಟರ್. ನೀವು ರೋಡ್ ನೋಡಿ. ನಾಕನೇ ಗೇರ್ ಹಾಕಿ."

ಅವರು ಗೇರ್ ಬದಲಾಯಿಸಿದರು, ಸರಿಯಾಗಿಯೇ. ಕಾರು ವೇಗ ಹಿಡಿಯಿತು. ನನ್ನ ಬಲಗಾಲು, ನಾನು ಹೇಳದೆ ಕೇಳದೆ, ತೊಡೆಯಿಂದ ಹಿಮ್ಮಡಿಯ ತನಕ ಒಮ್ಮೆ ಚಿಮ್ಮಿ ಬ್ರೇಕ್ ಮೇಲೆ ಬಿತ್ತು. ಬಿದ್ದದ್ದು ಪೂರಾ ಬಲದಿಂದ. ಕಾರು ಕಿರುಚಿ ರಸ್ತೆಯ ನಡುವೆ ನಿಂತುಬಿಟ್ಟಿತು. ಸಿಸ್ಟರ್ ಹಣೆ ಸ್ಟಿಯರಿಂಗ್ ಹತ್ತಿರ ಹೋಗಿ ಬಂತು. ಹಿಂದಿನಿಂದ ಈರುಳ್ಳಿ ಚೀಲ ತುಂಬಿದ ಲಾರಿಯೊಂದು ಹಾರ್ನ್ ಒತ್ತಿಕೊಂಡೇ ನಮ್ಮನ್ನು ಸವರಿಕೊಂಡು ಮುಂದೆ ಹೋಯಿತು. ನನ್ನ ಕಿಟಕಿಯ ಕಡೆಯ ಮಣ್ಣಿಗೆ ಅದರ ಎರಡು ಗಾಲಿ ಇಳಿದಿದ್ದವು. ಧೂಳಿನಲ್ಲಿ ಏನೂ ಕಾಣಲಿಲ್ಲ. ಡ್ರೈವರ್ ದೂರದಲ್ಲಿ ನಿಲ್ಲಿಸಿ ತಲೆ ಹೊರಗೆ ಹಾಕಿ ಕೂಗಿದ, "ಯಾವನ್ಲಾ ಅವ್ನು ಕಲಿಸೋನು! ಸಾಯೋಕೆ ನನ್ ಗಾಡಿನೇ ಬೇಕಾಗಿತ್ತೇನ್ಲಾ!"

ಸಿಸ್ಟರ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದರು. "ನಾನೇನ್ ಮಾಡ್ದೆ ಸಾರ್?" ಎಂದರು.

ಆಗ ನಾನು ಹೇಳಿದ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. "ಆಕ್ಸಿಲರೇಟರ್ ಬದ್ಲು ಬ್ರೇಕ್ ತುಳಿದ್ಬಿಟ್ರಿ ಸಿಸ್ಟರ್. ಹಂಗಾಗುತ್ತೆ. ಹೊಸದ್ರಲ್ಲಿ ಎಲ್ರಿಗೂ ಆಗುತ್ತೆ," ಎಂದೆ. ಅವರು ತಮ್ಮ ಪಾದಗಳನ್ನು ಬಗ್ಗಿ ನೋಡಿಕೊಂಡರು. ಆಮೇಲೆ ನನ್ನ ಪಾದಗಳನ್ನು ನೋಡಿದರು. ಬೆಲ್ಟ್ ಬಿಚ್ಚಿ ಇಳಿದರು. ವಾಪಸ್ಸು ನಾನೇ ಓಡಿಸಿಕೊಂಡು ಬಂದೆ. ಮರುದಿನ ಅವರು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಅವತ್ತು ಮನೆಗೆ ಬಂದು ಮಾತ್ರೆಯ ಪಟ್ಟಿಯನ್ನು ಬಚ್ಚಲಮನೆಗೆ ಒಯ್ದು ಒಂದೊಂದಾಗಿ ಒಡೆದು ನೀರಿಗೆ ಬಿಟ್ಟೆ. ಕಾಲು ಇದರಿಂದಲೇ ಹೀಗಾಗಿದೆ, ಇದು ಹೋದರೆ ಅದೂ ಹೋಗುತ್ತದೆ ಎಂಬುದು ನನ್ನ ಲೆಕ್ಕ. ಡಾಕ್ಟರಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಕೆಲಸ ಏನೆಂದು ಹೇಳಬೇಕಾಗುತ್ತಿತ್ತು. ಹೆಂಡತಿಗೂ ಹೇಳಲಿಲ್ಲ. ಕ್ಲಾಸುಗಳಿಗೆ ಮಾತ್ರ ರಜೆ ಕೊಟ್ಟೆ, ಗಾಡಿ ಗ್ಯಾರೇಜಿನಲ್ಲಿದೆ ಎಂದು ಕಲಿಯುವವರಿಗೆಲ್ಲ ಹೇಳಿದೆ.

ಕಾಲು ನಿಜಕ್ಕೂ ಸ್ವಲ್ಪ ಸುಮ್ಮನಾಯಿತು. ಆದರೆ ಮೂರನೆಯ ದಿನಕ್ಕೆ ತಲೆಯೊಳಗೆ ಬೇರೊಂದು ಬಂತು. ಕಣ್ಣು ಎಡದಿಂದ ಬಲಕ್ಕೆ ಹೊರಳಿಸಿದರೆ ಸಾಕು, ಕಿವಿಯ ಹಿಂದಿನಿಂದ ಹಲ್ಲಿನ ತನಕ ಚಳ್ ಎಂದು ಕರೆಂಟು ಹೊಡೆದಂತಾಗುತ್ತಿತ್ತು. ಅರೆಕ್ಷಣ ಲೋಕವೇ ಕಟ್ ಆಗಿ ಮತ್ತೆ ಶುರುವಾಗುತ್ತಿತ್ತು. ಕಣ್ಣು ಮುಚ್ಚಿದರೆ ಅಸಹ್ಯವಾದ ಕನಸುಗಳು. ಲೋಟ ಕೆಳಗೆ ಬಿದ್ದದ್ದಕ್ಕೆ ಹೆಂಡತಿಯ ಮೇಲೆ ಕೂಗಾಡಿದೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಕೂಗಾಡಿದ ಮೇಲೆ ಬಾಗಿಲ ಹಿಂದೆ ನಿಂತು ಅತ್ತೆ. ಅವಳು, "ಮಾತ್ರೆ ತಗೊಂತಿದೀರಿ ತಾನೆ?" ಎಂದಳು. "ತಗೊಂತಿದೀನಿ ಕಣೇ," ಎಂದೆ.

ಐದನೆಯ ದಿನ ಮಧ್ಯಾಹ್ನ ಅವಳ ಫೋನ್ ಬಂತು. "ಮೀಟಿಂಗ್ ಮುಗಿಯೋದು ತಡ ಆಗುತ್ತೆ, ಬಸ್ ತಪ್ಪೋಗುತ್ತೆ. ಕಾರು ತತ್ತೀರಾ?"

"ಬತ್ತೀನಿ," ಎಂದುಬಿಟ್ಟೆ. ಗ್ಯಾರೇಜಿನಲ್ಲಿದೆ ಎಂದು ಅವಳಿಗೆ ಹೇಳಿದ್ದರೆ ಚೆನ್ನಾಗಿತ್ತು. ಆದರೆ ಆ ಒಂದು ಸುಳ್ಳನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ.

ಬೀರೂರು ದಾಟಿದೆ. ಅಜ್ಜಂಪುರ ದಾಟಿದೆ. ಕನ್ನಡಿ ನೋಡಲು ಕಣ್ಣು ಹೊರಳಿಸಿದಾಗಲೆಲ್ಲ ತಲೆಯಲ್ಲಿ ಚಳ್ ಎನ್ನುತ್ತಿದ್ದುದರಿಂದ ಕನ್ನಡಿ ನೋಡುವುದನ್ನೇ ಬಿಟ್ಟೆ. ಶಿವನಿಗೆ ಮುಂಚೆ ಒಂದು ರೈಲ್ವೆ ಗೇಟು. ಗೇಟು ಹಾಕಿತ್ತು. ನನ್ನ ಮುಂದೆ ಒಂದು ಟ್ರ್ಯಾಕ್ಟರ್, ಎರಡು ಬೈಕು. ಬಿಸಿಲು ಇನ್ನೂ ಇತ್ತು. ದೂರದಿಂದ ರೈಲಿನ ಸದ್ದು ಕೇಳತೊಡಗಿತು. ಆಗ ಆ ಯೋಚನೆ ಬಂತು. ಇದೆಲ್ಲ ಇಲ್ಲಿಗೇ ಮುಗಿಯಬಹುದು ಎಂದು. ಯಾರೋ ಪಕ್ಕದ ಸೀಟಿನಿಂದ ದಾರಿ ತೋರಿಸಿದಷ್ಟು ಸಲೀಸಾಗಿ ಬಂತು. ಆ ಯೋಚನೆಗೆ ನಾನು ಬೆಚ್ಚಬೇಕಿತ್ತು. ಬೆಚ್ಚಲಿಲ್ಲ. ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು, ಮೈ ತಣ್ಣಗಾಯಿತು. ಆ ಸಮಾಧಾನವನ್ನು ಗಮನಿಸಿದಾಗ ಮಾತ್ರ ನನಗೆ ಹೆದರಿಕೆಯಾಯಿತು.

ಕಾಯ್ಬೇಡಿ ಎಂದು ಡಾಕ್ಟರ್ ಹೇಳಿದ್ದ ಮಾತು ನೆನಪಾದದ್ದು ಹೇಗೋ ಗೊತ್ತಿಲ್ಲ. ಕಾರನ್ನು ಸಾಲಿನಿಂದ ಹಿಂದಕ್ಕೆ ತೆಗೆದು ಹುಣಸೆ ಮರದ ಬುಡಕ್ಕೆ ನಿಲ್ಲಿಸಿದೆ. ಕೀ ತೆಗೆದುಕೊಂಡು, ಹಳಿಗೆ ಬೆನ್ನು ಮಾಡಿ ನಡೆದೆ. ಸ್ವಲ್ಪ ದೂರದಲ್ಲಿ ಒಬ್ಬ ಹೆಂಗಸು ಎಳನೀರು ಮಾರುತ್ತಿದ್ದಳು.

"ಅಕ್ಕಾ, ಈ ಕೀ ಇಟ್ಕೊಂಡಿರಿ. ನಾನು ಕೇಳಿದ್ರೂ ಕೊಡ್ಬೇಡಿ."

"ಯಾಕಣ್ಣಾ, ಕುಡ್ದಿದೀಯಾ?"

"ಇಲ್ಲ. ಹುಷಾರಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಮತ್ತೇನೂ ಕೇಳದೆ ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಕೂತ್ಕೋ ಬಾ ಇಲ್ಲಿ, ನೆಳ್ಳಿಗೆ," ಎಂದು ಚೀಲ ಹಾಸಿದಳು. ರೈಲು ಹೋಯಿತು. ಅದು ಹೋಗುವ ತನಕ ಆ ಹೆಂಗಸು ಮಚ್ಚು ಕೆಳಗಿಟ್ಟು ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಅವಳಿಗೆ ಏನು ಅರ್ಥವಾಗಿತ್ತೋ ನನಗೆ ತಿಳಿಯದು.

ಹೆಂಡತಿಗೆ ಫೋನ್ ಮಾಡಿ, ಮಾತ್ರೆ ನಿಲ್ಲಿಸಿದ್ದನ್ನೂ ಗೇಟಿನ ಹತ್ತಿರ ಅನಿಸಿದ್ದನ್ನೂ ಹೇಳಿದೆ. "ಅಲ್ಲೇ ಇರಿ. ಫೋನ್ ಇಡ್ಬೇಡಿ. ಮಾತಾಡ್ತಾನೇ ಇರಿ," ಎಂದಳು. ಜೊತೆಯ ಮೇಡಂ ಒಬ್ಬರ ಸ್ಕೂಟರಿನ ಹಿಂದೆ ಕೂತು, ಕಿವಿಗೆ ಫೋನ್ ಹಿಡಿದುಕೊಂಡೇ ಬಂದಳು. ಬಂದವಳು ಬೈಯಲಿಲ್ಲ. ನನ್ನ ಪಕ್ಕ ಚೀಲದ ಮೇಲೆ ಕೂತು ಡಾಕ್ಟರಿಗೆ ಫೋನ್ ಹಚ್ಚಿದಳು. ಅವತ್ತು ಅವರು ತರೀಕೆರೆಯಲ್ಲೇ ಇದ್ದರು. ಒಬ್ಬರನ್ನೇ ಬಿಡಬೇಡಿ, ಈಗಲೇ ಕರೆತನ್ನಿ ಎಂದರಂತೆ. ಕಾರನ್ನು ಮರದ ಬುಡದಲ್ಲೇ ಬಿಟ್ಟು ಅಜ್ಜಂಪುರದಿಂದ ಬಾಡಿಗೆ ಗಾಡಿ ಕರೆಸಿಕೊಂಡು ತರೀಕೆರೆಗೆ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಡಾಕ್ಟರ್ ಮುಂದೆ ಎಲ್ಲವನ್ನೂ ಹೇಳಿದೆ. ಕೆಲಸ, ಬ್ರೇಕು, ಲಾರಿ, ಸಿಸ್ಟರಿಗೆ ಹೇಳಿದ ಸುಳ್ಳು. ಅವರು ಪೆನ್ನು ಕೆಳಗಿಟ್ಟರು.

"ಆ ಚಡಪಡಿಕೆ ನಿಮ್ಮ ಕಾಯಿಲೆದಲ್ಲ, ಡೋಸಿಂದು. ಮೊದಲ ದಿನವೇ ಹೇಳಿದ್ರೆ ಇಳಿಸ್ತಿದ್ದೆ. ತಲೆಯಲ್ಲಿ ಹೊಡೆಯೋದು ಏಕ್‌ದಂ ನಿಲ್ಲಿಸಿದ್ದಕ್ಕೆ. ಎರಡಕ್ಕೂ ದಾರಿ ಇತ್ತು."

"ತಪ್ಪಾಯ್ತು ಮೇಡಂ."

"ತಪ್ಪಿನ ಮಾತು ಬೇಡ. ಇನ್ಮೇಲೆ ಏನನ್ಸಿದ್ರೂ ಅವತ್ತೇ ಗೊತ್ತಾಗ್ಬೇಕು ನಂಗೆ."

ಮತ್ತೆ ಇಪ್ಪತ್ತೈದರಿಂದ ಶುರು. ಕಾಲಿಗೆ ಕೆಲವು ದಿನ ಬೇರೊಂದು ಮಾತ್ರೆ. ಮಾತ್ರೆಗಳು ಹೆಂಡತಿಯ ಬೀರುವಿನಲ್ಲಿ. ದಿನಾ ಸಂಜೆ ಡಾಕ್ಟರಿಗೆ ಒಂದು ಫೋನ್. ಅವರು ಹೇಳುವ ತನಕ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಎರಡು ತಿಂಗಳು ಕ್ಲಾಸು ಮುಚ್ಚಿದೆ. ಆ ಎರಡು ತಿಂಗಳಲ್ಲಿ ಮೂರು ಸಲ ಆ ಗೇಟಿನ ಯೋಚನೆ ವಾಪಸ್ಸು ಬಂತು, ಮೂರು ಸಲವೂ ಹೇಳಿದೆ. ಹೇಳುವಾಗ ನಾಲಿಗೆ ಕಲ್ಲಾಗುತ್ತಿತ್ತು. ಹೇಳಿ ಮುಗಿದ ಮೇಲೆ ಅದು ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು. ಪೂರ್ತಿ ಹೊರಟುಹೋಗುತ್ತಿರಲಿಲ್ಲ. ಕಡೆಗೆ ಡಾಕ್ಟರ್ ನಿಧಾನವಾಗಿ ಆ ಮಾತ್ರೆಯನ್ನೇ ಬದಲಾಯಿಸಿದರು. ಹೊಸದರಿಂದ ಮೈ ದಪ್ಪವಾಯಿತು, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಕೆ. ಆದರೆ ಕಾಲು ನನ್ನ ಮಾತು ಕೇಳಿತು.

ಓಡಾಡುವಂತಾದ ಮೇಲೆ ಬಸ್ಸಿನಲ್ಲಿ ಚೌಳಹಿರಿಯೂರಿಗೆ ಹೋದೆ. ಸಿಸ್ಟರ್ ಮನೆಯ ಮುಂದೆ ರಾಗಿ ಹಸನು ಮಾಡುತ್ತಿದ್ದರು. ನಿಂತುಕೊಂಡೇ ಹೇಳಿದೆ, "ಅವತ್ತು ಬ್ರೇಕ್ ತುಳಿದಿದ್ದು ನಾನು ಸಿಸ್ಟರ್. ನೀವಲ್ಲ."

ಅವರು ಮೊರ ಕೆಳಗಿಟ್ಟರು. "ಗೊತ್ತಿತ್ತು ಸಾರ್. ನಿಮ್ ಕಾಲು ನೋಡಿದ್ನಲ್ಲ. ಮಾತ್ರೆ ತಗೊಳೋರ ಕಾಲು ನಾನೂ ನೋಡಿವ್ನಿ."

"ಮತ್ತೆ ಯಾಕೆ ಅನ್ಲಿಲ್ಲ?"

"ಅಂದ್ರೆ ನಿಮ್ ಕೆಲ್ಸ ಹೋಗುತ್ತೆ ಅಂತ ಸುಮ್ನಾದೆ. ತಪ್ಪು ಮಾಡ್ದೆ. ಅವತ್ತೇ ನಿಮ್ ಮನೆಯವ್ರಿಗೆ ಒಂದ್ ಮಾತು ಹೇಳ್ಬೇಕಿತ್ತು." ಕಾಫಿ ಕೊಟ್ಟರು. ಮತ್ತೆ ಕಲಿಯಲು ಬನ್ನಿ, ನಾನೇ ಕಲಿಸುತ್ತೇನೆ ಎಂದು ಕರೆದೆ. ಅವರು ತಲೆ ಅಲ್ಲಾಡಿಸಿದರು. "ಬ್ಯಾಡ ಸಾರ್. ನಿಮ್ ಮೇಲೆ ಕೋಪ ಇಲ್ಲ. ಆದ್ರೆ ಆ ಲಾರಿ ಸದ್ದು ಇನ್ನೂ ಕಿವಿಯಾಗೈತೆ." ಅವರು ಇವತ್ತಿಗೂ ಕಾರು ಓಡಿಸುತ್ತಿಲ್ಲ, ಹಳ್ಳಿಗಳಿಗೆ ನಡೆದೇ ಹೋಗುತ್ತಾರೆ ಎಂದು ಕೇಳಿದ್ದೇನೆ.

ಅದೆಲ್ಲ ಆಗಿ ಈಗ ಒಂದೂಕಾಲು ವರ್ಷವಾಗಿದೆ. ತೂಕಡಿಕೆ ಹೋಗಿ ಡಾಕ್ಟರ್ ಒಪ್ಪಿದ ಮೇಲೆ ಶುರು ಮಾಡಿದ ಕ್ಲಾಸು ನಡೆಯುತ್ತಿದೆ, ಮೊದಲಿಗಿಂತ ಕಡಿಮೆ ಜನ. ಹೋದ ವಾರ ಡಾಕ್ಟರ್, "ಈಗ ಸ್ವಲ್ಪ ಸ್ವಲ್ಪವೇ ಇಳಿಸಿ ನೋಡೋಣ," ಎಂದರು. ಸಂತೋಷಪಡಬೇಕಾದ ಮಾತು. ಹೆಂಡತಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ. ಕ್ಲಾಸಿಗೆ ಮತ್ತೆ ಎರಡು ವಾರ ರಜೆ ಹೇಳಿ, ಈ ಸಲ ಕಾರಣವನ್ನೂ ಹೇಳಿದೆ. ಇಬ್ಬರು ಫೀಸು ವಾಪಸ್ಸು ತೆಗೆದುಕೊಂಡು ಹೋದರು. ಉಳಿದವರು ಕಾಯುತ್ತೇವೆ ಎಂದರು.

ಇಳಿಸಿದ ಮೊದಲ ಬೆಳಿಗ್ಗೆ ಅವಳು ಮಾತ್ರೆಯನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಅಂಗೈಗೆ ಹಾಕಿದಳು.

"ಏನನ್ಸುತ್ತೆ?"

"ಭಯ."

"ನಂಗೂ," ಎಂದಳು.

ಇವತ್ತಿಗೆ ಆರನೆಯ ದಿನ. ಕಾಲು ಸುಮ್ಮನಿದೆ. ನಿನ್ನೆ ಸಂಜೆ, ಬೀದಿಯ ಕಡೆ ತಲೆ ತಿರುಗಿಸಿದಾಗ, ಕಿವಿಯ ಹಿಂದೆ ಒಮ್ಮೆ ಸಣ್ಣಗೆ ಚಳ್ ಎಂದಿತು. ಒಳಗೆ ಹೋಗಿ ಅವಳಿಗೆ ಹೇಳಿದೆ. ಅವಳು ಒಲೆ ಆರಿಸಿ ಡಾಕ್ಟರಿಗೆ ಫೋನ್ ಮಾಡಿದಳು.